ಟಾಟಾ 697 ಇಂಜಿನ್: ನಾಲ್ಕನೇ ಸಲ ಹೆಡ್ ಇಳಿಸಿದ ಕೆಲಸದ ದಾಖಲೆ

ಗದಗ ಜಿಲ್ಲೆಯ ಮುಳಗುಂದದ ಕಡೆಯಿಂದ ಬಂದ ಈ ಲಾರಿ 1993ರ ಟಾಟಾ 1210. ಎರಡು ವರ್ಷಗಳಲ್ಲಿ ಇದರ ಹೆಡ್ ಪ್ಯಾಕಿಂಗನ್ನು (ಇಂಜಿನ್ ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್‌ಗೂ ನಡುವೆ ಸೋರದಂತೆ ಹಾಕುವ ತೆಳು ಹಾಳೆ) ಬೇರೆ ಬೇರೆ ಗ್ಯಾರೇಜುಗಳಲ್ಲಿ ಮೂರು ಸಲ ಬದಲಿಸಿದ್ದರು. ಮೂರನೆಯದು ನಾಲ್ಕು ತಿಂಗಳೂ ಬಾಳಿರಲಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಬದಿಯ ನಮ್ಮ ಗ್ಯಾರೇಜಿಗೆ ಲಾರಿಯನ್ನು ಎಳೆದು ತಂದ ಮಾಲೀಕರು ಅರವತ್ತು ದಾಟಿದವರು, ಇಂದಿಗೂ ತಾವೇ ಓಡಿಸುವವರು. ಇಳಿದ ಕೂಡಲೇ ಅವರು ಹೇಳಿದ್ದು ಇಷ್ಟೇ: “ತಮ್ಮಾ, ಪ್ಯಾಕಿಂಗ್ ಅಷ್ಟ ಬದಲ ಮಾಡಿ ಕೊಡು, ಹಂಗಾಮ ಮುಗೀಲಿ, ಮುಂದ ನೋಡೋಣಂತ.” ನಾನು, “ಮೂರು ಸಲ ಪ್ಯಾಕಿಂಗ್ ಬದಲ ಆಗೇದ ಕಾಕಾ, ನಾಕನೇದ್ದು ನಾ ಹಾಕಂಗಿಲ್ಲ, ಮೊದಲ ಬ್ಯಾನಿ ಎಲ್ಲೈತಿ ನೋಡೋಣು” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಆ ಕೀಲಿ ಮರಳಿ ಅವರ ಕೈ ಸೇರಲು ಹದಿನೇಳು ದಿನ ಹಿಡಿಯಿತು. ಹಳೆಯ ಲಾರಿಯನ್ನೇ ನಂಬಿ ಬದುಕುವ ಮಾಲೀಕರಿಗೂ ಅವನ್ನು ರಿಪೇರಿ ಮಾಡುವ ಹುಡುಗರಿಗೂ ಉಪಯೋಗವಾಗಲಿ ಎಂದು ಆ ದಿನಗಳ ಕೆಲಸವನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಈ ಲಾರಿಯ 697 ಇಂಜಿನ್ನಿನ ಹೆಸರಿನಲ್ಲಿಯೇ ಅದರ ಅಳತೆಯಿದೆ: ಆರು ಸಿಲಿಂಡರ್, 97 ಮಿ.ಮೀ. ಬೋರ್ (ಸಿಲಿಂಡರ್‌ನ ಒಳ ಅಡ್ಡಳತೆ). ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, 128 ಮಿ.ಮೀ. ಇರುವುದರಿಂದ ಒಟ್ಟು 5675 ಸಿಸಿ ಆಗುತ್ತದೆ. ಟೆಲ್ಕೊ (ಇಂದಿನ ಟಾಟಾ ಮೋಟರ್ಸ್) ಕಂಪನಿಯು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿ ಲಾರಿ ಕಟ್ಟತೊಡಗಿತು. ಬೆಂಜ್‌ನ ಒಎಂ 352 ಇಂಜಿನ್ನಿನ ಬೋರ್ ಮತ್ತು ಸ್ಟ್ರೋಕ್ ಕೂಡ ಇವೇ. ಆರೂ ಸಿಲಿಂಡರ್‌ಗಳ ಮೇಲೆ ಒಂದೇ ಉದ್ದನೆಯ ಎರಕದ ಕಬ್ಬಿಣದ ಹೆಡ್ ಕುಳಿತಿರುತ್ತದೆ. ಇಂತಹ ಹೆಡ್‌ನ ಒಂದು ತುದಿ ಹೆಚ್ಚು ಬಿಸಿಯಾಗಿ ಇನ್ನೊಂದು ತುದಿ ತಣ್ಣಗಿದ್ದರೆ ಇಡೀ ಹೆಡ್ ಬಾಗಲು ನೋಡುತ್ತದೆ. ಬೋಲ್ಟುಗಳು ಬಾಗಗೊಡುವುದಿಲ್ಲವಾದ್ದರಿಂದ ಆ ಒತ್ತಡವೆಲ್ಲ ಹೆಡ್‌ನ ಅತ್ಯಂತ ತೆಳುವಾದ ಜಾಗಕ್ಕೆ, ಅಂದರೆ ಇನ್‌ಲೆಟ್ (ಗಾಳಿ ಒಳಬಿಡುವ) ಮತ್ತು ಎಕ್ಸಾಸ್ಟ್ (ಹೊಗೆ ಹೊರಬಿಡುವ) ವಾಲ್ವ್‌ಗಳು ಕೂರುವ ಸೀಟುಗಳ ನಡುವಿನ ಸಣ್ಣ ಸೇತುವೆಗೆ ಹೋಗಿ ಸೇರುತ್ತದೆ. ಚೆನ್ನಾಗಿ ನೋಡಿಕೊಂಡರೆ ಈ ಇಂಜಿನ್ ಲಕ್ಷಗಟ್ಟಲೆ ಕಿಲೋಮೀಟರ್ ಓಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಮೂರು ಪ್ಯಾಕಿಂಗ್ ಸಾಲಾಗಿ ಹೋದಾಗ ನಾನು ಇಂಜಿನ್ನಿನ ಮೇಲೆ ಅನುಮಾನ ಪಡದೆ, ಅದರ ಸುತ್ತ ಹರಿಯುವ ನೀರನ್ನು ಅನುಮಾನಿಸಿದೆ.

ಮೊದಲ ದಿನ ಏನನ್ನೂ ಬಿಚ್ಚಲಿಲ್ಲ. ಲಾರಿಯನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಆಯಿಲ್ ಸಂಪಿನ ಬೋಲ್ಟನ್ನು ನಿಧಾನವಾಗಿ ಸಡಿಲಿಸಿದೆವು. ಆಯಿಲ್ ಬರುವುದಕ್ಕೆ ಮೊದಲು ಎರಡು ಚಮಚದಷ್ಟು ನೀರು ಇಳಿಯಿತು. ನಂತರ ಇಂಜಿನ್ನನ್ನು ಸ್ಟಾರ್ಟರ್‌ನಿಂದ ತಿರುಗಿಸದೆ, ಕೈಯಿಂದಲೇ ಎರಡು ಸುತ್ತು ಪೂರ್ತಿ ತಿರುಗಿಸಿ ನೋಡಿದೆವು. ಸಿಲಿಂಡರ್ ಒಳಗೆ ನೀರು ತುಂಬಿ ನಿಂತಿರುವಾಗ ಸೆಲ್ಫ್ ಹೊಡೆದರೆ ನೀರು ಅದುಮಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೆಡ್ ಪ್ಯಾಕಿಂಗ್ ಹೋದ ದೂರಿನ ಗಾಡಿ ಬಂದಾಗ ಈ ಎರಡು ಸುತ್ತಿನ ಪರೀಕ್ಷೆಯನ್ನು ಎಂದಿಗೂ ಬಿಡಬಾರದು.

ಆಮೇಲೆ ಫ್ಯಾನ್ ಬೆಲ್ಟ್ ತೆಗೆದು, ರೇಡಿಯೇಟರ್ ಬಾಯಿಯವರೆಗೆ ನೀರು ತುಂಬಿ, ಮುಚ್ಚಳ ಹಾಕದೆ ಇಂಜಿನ್ ಚಾಲೂ ಮಾಡಿದೆವು. ಬೆಲ್ಟ್ ಇಲ್ಲದಿದ್ದರೆ ನೀರಿನ ಪಂಪ್ ತಿರುಗುವುದಿಲ್ಲ. ನೀರು ನಿಂತೇ ಇರುವುದರಿಂದ ಗುಳ್ಳೆ ಬಂದರೆ ಅದು ಉರಿದ ಗಾಳಿಯದೇ ಎಂದು ತಿಳಿಯುತ್ತದೆ. ಈ ಪರೀಕ್ಷೆಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಮಾಡಬಾರದು. ಇಂಜಿನ್ ಹತ್ತಿದ ಕೆಲವೇ ಕ್ಷಣಗಳಲ್ಲಿ ನೀರು ಕುದಿಯುವ ಅನ್ನದಂತೆ ಬುದುಬುದು ಎನ್ನತೊಡಗಿತು. ಇಂಜೆಕ್ಟರ್ ಪೈಪುಗಳ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಬಿಗಿಯುತ್ತಾ ಹೋದಾಗ, ಮುಂದಿನಿಂದ ಎಣಿಸಿದ ಐದನೆಯ ಸಿಲಿಂಡರ್‌ನ ಡೀಸೆಲ್ ನಿಂತ ಕೂಡಲೇ ಗುಳ್ಳೆ ಬಹುಮಟ್ಟಿಗೆ ತಗ್ಗಿತು. ಉಳಿದ ಐದರಲ್ಲಿ ಯಾವುದನ್ನು ನಿಲ್ಲಿಸಿದರೂ ಗುಳ್ಳೆಯ ರಭಸ ಬದಲಾಗಲಿಲ್ಲ. ತೊಂದರೆಯ ಜಾಗ ಖಚಿತವಾಯಿತು.

ಹೆಡ್ ಇಳಿಸುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೋಲ್ಟುಗಳನ್ನು ಇಂಜಿನ್ ತಣ್ಣಗಿರುವಾಗಲೇ, ಎರಡೂ ತುದಿಗಳಿಂದ ಮಧ್ಯದ ಕಡೆಗೆ, ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ವಾಲ್ವ್ ತೆರೆಯಲು ತಳ್ಳುವ ಪುಶ್ ರಾಡ್‌ಗಳನ್ನು ರಟ್ಟಿನ ಡಬ್ಬಿಗೆ ಹನ್ನೆರಡು ತೂತು ಕೊರೆದು, ಸಂಖ್ಯೆ ಬರೆದು, ಬಂದ ಕ್ರಮದಲ್ಲಿಯೇ ನಿಲ್ಲಿಸಿದೆವು. ಹೆಡ್ ಭಾರವಾದದ್ದು, ಚೈನ್ ಬ್ಲಾಕ್ ಬಳಸಿ ಎತ್ತಿದೆವು. ಹೆಡ್ ಮತ್ತು ಬ್ಲಾಕ್ ನಡುವೆ ಸ್ಕ್ರೂ ಡ್ರೈವರ್ ತೂರಿಸಿ ಎಬ್ಬಿಸುವ ಅಭ್ಯಾಸ ನಮ್ಮ ಊರಿನ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಅದರಿಂದ ಬೀಳುವ ಒಂದು ಗೀರೇ ಮುಂದೆ ಪ್ಯಾಕಿಂಗ್ ಸೋರುವ ದಾರಿಯಾಗುತ್ತದೆ. ಈ ಹೆಡ್‌ನ ಅಂಚಿನಲ್ಲಿ ಅಂತಹ ಮೂರು ಹಳೆಯ ಗೀರುಗಳಿದ್ದವು.

ಹೆಡ್ ಎತ್ತಿದ ಮೇಲೆ ಕೆಳಗೆ ಕಂಡ ನೋಟವೇ ಅರ್ಧ ಉತ್ತರ ಕೊಟ್ಟಿತು. ಐದು ಪಿಸ್ಟನ್‌ಗಳ ತಲೆ ಡೀಸೆಲ್ ಇಂಜಿನ್ನಿನಲ್ಲಿ ಇರಬೇಕಾದಂತೆ ಕಪ್ಪು ಮಸಿಯಿಂದ ಮುಚ್ಚಿತ್ತು. ಐದನೆಯ ಪಿಸ್ಟನ್ ಮಾತ್ರ ಹುಣಸೆಹಣ್ಣು ಹಾಕಿ ತಿಕ್ಕಿದ ಪಾತ್ರೆಯಂತೆ ಬೆಳ್ಳಗೆ ಹೊಳೆಯುತ್ತಿತ್ತು. ಸಿಲಿಂಡರ್ ಒಳಗೆ ನೀರು ಜಿನುಗುತ್ತಿದ್ದರೆ ಅದು ಉಗಿಯಾಗಿ ಮಸಿಯನ್ನೆಲ್ಲ ತೊಳೆದುಬಿಡುತ್ತದೆ. ಮುಖ್ಯವಾದ ಸಂಗತಿ ಏನೆಂದರೆ, ಪ್ಯಾಕಿಂಗ್‌ನ ಐದನೆಯ ರಿಂಗ್ ಎಲ್ಲಿಯೂ ಸುಟ್ಟಿರಲಿಲ್ಲ, ಮುರಿದಿರಲಿಲ್ಲ. ನೀರು ಪ್ಯಾಕಿಂಗ್ ದಾಟಿ ಬಂದದ್ದಲ್ಲ, ಹೆಡ್ ಒಳಗಿನಿಂದ ಬಂದದ್ದು. ಹಿಂದೆ ಮೂರು ಸಲ ಹೆಡ್ ಎತ್ತಿದವರು ಈ ಒಂದು ಪಿಸ್ಟನ್ನಿನ ಬಣ್ಣವನ್ನು ಎರಡು ನಿಮಿಷ ನಿಂತು ನೋಡಿದ್ದರೆ ಮಾಲೀಕರ ಎರಡು ವರ್ಷದ ದುಡಿಮೆ ಉಳಿಯುತ್ತಿತ್ತು. ಇದನ್ನು ಬರೆಯುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹೆಡ್‌ನ ಮೇಲ್ಮೈಯನ್ನು ಶುಚಿ ಮಾಡಿ ಸ್ಟ್ರೇಟ್ ಎಡ್ಜ್ (ನೇರ ಅಂಚಿನ ಪಟ್ಟಿ) ಇಟ್ಟು, ಸಂದು ಅಳೆಯುವ ಫೀಲರ್ ಗೇಜ್‌ನಿಂದ ಅಳೆದಾಗ ಉದ್ದಕ್ಕೆ 0.22 ಮಿ.ಮೀ. ಬಾಗು ಸಿಕ್ಕಿತು, ಹೆಚ್ಚಿನ ಪಾಲು ಐದು ಮತ್ತು ಆರನೆಯ ಸಿಲಿಂಡರ್‌ಗಳ ಕಡೆಗೇ. ಇಷ್ಟು ಉದ್ದದ ಹೆಡ್‌ನಲ್ಲಿ 0.10 ದಾಟಿದರೆ ನಾನು ಅದನ್ನು ಗ್ರೈಂಡಿಂಗ್ ಇಲ್ಲದೆ ಮರಳಿ ಕೂರಿಸುವುದಿಲ್ಲ. ಬ್ಲಾಕಿನ ಮೇಲ್ಮೈ 0.05ರ ಒಳಗೆ ಇತ್ತು, ಅದೊಂದು ಸಮಾಧಾನ. ಆಮೇಲೆ ವಾಲ್ವ್‌ಗಳನ್ನು ಬಿಚ್ಚಿ, ಸೀಟುಗಳ ನಡುವಿನ ಜಾಗಕ್ಕೆ ಬಿರುಕಿನೊಳಗೆ ಇಳಿಯುವ ಕೆಂಪು ಡೈ (ಬಣ್ಣ) ಸಿಂಪಡಿಸಿ, ಕಾಲು ಗಂಟೆ ಬಿಟ್ಟು ಒರೆಸಿ, ಒಳಗುಳಿದ ಬಣ್ಣವನ್ನು ಹೀರಿ ತೋರಿಸುವ ಬಿಳಿ ಡೆವಲಪರ್ ಹೊಡೆದೆವು. ಐದನೆಯ ಸಿಲಿಂಡರ್‌ನಲ್ಲಿ ಒಂದು ಸೀಟಿನಿಂದ ಇನ್ನೊಂದು ಸೀಟಿನವರೆಗೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ ನಿಧಾನವಾಗಿ ಮೂಡಿ ಬಂತು. ಆರನೆಯದರಲ್ಲಿ ಅರ್ಧ ಉದ್ದದ ಇನ್ನೊಂದು ಗೆರೆ ಇತ್ತು.

ಡೈ ಬಿರುಕನ್ನು ತೋರಿಸುತ್ತದೆಯೇ ಹೊರತು ಅದು ನೀರಿನ ದಾರಿಯವರೆಗೆ ಇಳಿದಿದೆಯೇ ಎಂದು ಹೇಳುವುದಿಲ್ಲ. ಅದಕ್ಕಾಗಿ ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿರುವ ಇಂಜಿನ್ ರೀಕಂಡೀಷನ್ ಮಾಡುವವರ ಬಳಿಗೆ ಹೆಡ್ ಒಯ್ದೆ. ನೀರಿನ ದಾರಿಗಳನ್ನೆಲ್ಲ ರಬ್ಬರ್ ಹಾಗೂ ಪಟ್ಟಿ ಹಾಕಿ ಮುಚ್ಚಿ, ಒಳಗೆ 2 ಕೆ.ಜಿ. ಒತ್ತಡದಲ್ಲಿ ಗಾಳಿ ತುಂಬಿ, ತೊಟ್ಟಿಯ ತಣ್ಣೀರಿನಲ್ಲಿ ಮುಳುಗಿಸಿದರು. ಹತ್ತು ನಿಮಿಷ ಕಾದರೂ ಒಂದು ಗುಳ್ಳೆಯೂ ಬರಲಿಲ್ಲ. ಅಲ್ಲಿನ ಹುಡುಗ “ಹೆಡ್ ಬರೋಬ್ಬರಿ ಐತ್ರಿ” ಎಂದು ಹೊರಗೆತ್ತಲು ಹೊರಟ. ಅವನನ್ನು ತಡೆದು, ತೊಟ್ಟಿಯ ನೀರನ್ನು 80 ಡಿಗ್ರಿಯವರೆಗೆ ಕಾಯಿಸುವಂತೆ ಕೇಳಿಕೊಂಡೆ. ನೀರು ಕಾಯುತ್ತಾ 70 ದಾಟಿದ ಮೇಲೆ ಐದನೆಯ ಸಿಲಿಂಡರ್‌ನ ಸೀಟುಗಳ ನಡುವೆ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಸಾಲುಗಟ್ಟಿ ಏಳತೊಡಗಿದವು. ತಣ್ಣಗಿದ್ದಾಗ ಮುಚ್ಚಿಕೊಂಡಿದ್ದ ಬಿರುಕು ಬಿಸಿಗೆ ಬಾಯಿ ಬಿಟ್ಟಿತ್ತು. ಹಿಂದಿನ ಸಲ ಒಂದು ಕಡೆ ಹೆಡ್ ಟೆಸ್ಟ್ ಮಾಡಿಸಿದ್ದರೆಂದು ಮಾಲೀಕರು ಹೇಳಿದ್ದರು. ಅದು ಬಹುಶಃ ತಣ್ಣೀರಿನ ಟೆಸ್ಟ್ ಆಗಿರಬೇಕು. ಹೆಡ್ ಟೆಸ್ಟ್ ಮಾಡಿಸುವವರು ನೀರು ಬಿಸಿಯಾಗಿರಲಿ ಎಂದು ಕೇಳಿಕೊಳ್ಳಬೇಕು, ಮತ್ತು ಸಾಧ್ಯವಾದರೆ ತಾವೇ ತೊಟ್ಟಿಯ ಪಕ್ಕ ನಿಲ್ಲಬೇಕು.

ಆ ಬಿರುಕನ್ನು ಬೆಸೆದು ಕೊಡುತ್ತೇವೆ ಎಂದವರೂ ಇದ್ದರು. ಎರಕದ ಕಬ್ಬಿಣವನ್ನು ಭಟ್ಟಿಯಲ್ಲಿ ಒಂದೇ ಸಮನಾಗಿ ಕೆಂಪಗೆ ಕಾಯಿಸಿ, ಬೆಸೆದು, ನಿಧಾನವಾಗಿ ಆರಿಸುವ ಅನುಕೂಲವಿದ್ದರೆ ಅದು ಆಗುವ ಕೆಲಸವೇ. ಆ ಅನುಕೂಲವಿಲ್ಲದೆ ಜಾಗದಲ್ಲೇ ವೆಲ್ಡಿಂಗ್ ಮಾಡಿದರೆ ಪಕ್ಕದಲ್ಲಿ ಇನ್ನೊಂದು ಬಿರುಕು ಹುಟ್ಟುತ್ತದೆ. ವಾಲ್ವ್ ಸೀಟಿನ ನಡುವಿನ ಅಷ್ಟು ಇಕ್ಕಟ್ಟಾದ ಜಾಗದಲ್ಲಿ, ಬೆಂಕಿ ಒಂದು ಕಡೆ, ನೀರು ಇನ್ನೊಂದು ಕಡೆ ಇರುವಾಗ, ನಾನು ಆ ಭರವಸೆ ಇಡಲಾರೆ. ಹೊಸ ಹೆಡ್ ಕೊಳ್ಳುವುದು ಮಾಲೀಕರ ಕೈಗೆ ಮೀರಿತ್ತು. ಒಳ್ಳೆಯ ಹಳೆಯ ಹೆಡ್ ಹುಡುಕುವುದೆಂದು ತೀರ್ಮಾನಿಸಿದೆವು.

ಹೆಡ್ ಹುಡುಕುವ ದಿನಗಳಲ್ಲಿ ನಾನು ಬ್ಲಾಕಿನ ಕಡೆಗೆ ತಿರುಗಿದೆ. ಬಿರುಕು ಏಕೆ ಬಂತು ಎಂಬುದು ತಿಳಿಯದೆ ಬೇರೆ ಹೆಡ್ ಕೂರಿಸಿದರೆ ಅದಕ್ಕೂ ಅದೇ ಗತಿ. ಬ್ಲಾಕಿನ ಪಕ್ಕದ ಕೋರ್ ಪ್ಲಗ್‌ಗಳನ್ನು (ನೀರಿನ ದಾರಿಯ ತೂತು ಮುಚ್ಚುವ ಬಿಲ್ಲೆಗಳು) ಒಂದೊಂದಾಗಿ ತೆಗೆದೆವು. ಮುಂದಿನ ಎರಡು ಸಿಲಿಂಡರ್‌ಗಳ ಸುತ್ತ ಕೆಂಪು ರಾಡಿ ಮಾತ್ರ ಇತ್ತು. ಐದು ಮತ್ತು ಆರನೆಯವುಗಳ ಸುತ್ತ ಬೆರಳು ತೂರಿಸಲು ಜಾಗವಿರಲಿಲ್ಲ. ಬಚ್ಚಲ ಹಂಡೆಯ ಒಳಮೈಗೆ ಕಟ್ಟುವಂತಹ ಬೂದು ಬಿಳುಪಿನ ಹೊಪ್ಪಳೆ ಪದರ ಪದರವಾಗಿ ಕಟ್ಟಿಕೊಂಡಿತ್ತು. ಉಳಿಯಿಂದ ಎಬ್ಬಿಸಿದಾಗ ನಾಲ್ಕೈದು ಮಿ.ಮೀ. ದಪ್ಪದ ಚಕ್ಕೆಗಳು ಬಂದವು. ಒಂದು ಚಕ್ಕೆಯ ಅಂಚನ್ನು ಬೆಳಕಿಗೆ ಹಿಡಿದರೆ ಈರುಳ್ಳಿಯ ಪದರಗಳಂತೆ ಗೆರೆಗಳು ಕಾಣುತ್ತಿದ್ದವು. ಹೆಡ್‌ನ ಕೆಳಮುಖದ ನೀರಿನ ರಂಧ್ರಗಳಲ್ಲಿ ಹಿಂದಿನ ನಾಲ್ಕು ಪೂರ್ತಿ ಮುಚ್ಚಿಹೋಗಿದ್ದವು.

ಕಾರಣ ಸರಳವಾದದ್ದು. ಮಾಲೀಕರು ವರ್ಷಗಳಿಂದ ರೇಡಿಯೇಟರ್‌ಗೆ ಹೊಲದ ಬೋರಿನ ಸವಳು ನೀರನ್ನೇ ಹಾಕುತ್ತಾ ಬಂದಿದ್ದರು. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾಯ್ದಾಗ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಅತ್ಯಂತ ಬಿಸಿಯಾದ ಗೋಡೆಗೇ ಮೊದಲು ಅಂಟಿಕೊಳ್ಳುತ್ತದೆ. ಈ ಹೊಪ್ಪಳೆಯ ಮೂಲಕ ಶಾಖ ಹರಿಯುವುದು ಎರಕದ ಕಬ್ಬಿಣದ ಮೂಲಕ ಹರಿಯುವುದಕ್ಕಿಂತ ಹತ್ತಾರು ಪಟ್ಟು ಕಡಿಮೆ. ನೀರಿನ ಪಂಪ್ ಇರುವುದು ಇಂಜಿನ್ನಿನ ಮುಂಭಾಗದಲ್ಲಿ. ಹಿಂದಿನ ಸಿಲಿಂಡರ್‌ಗಳಿಗೆ ಮೊದಲೇ ಹರಿವು ಕಡಿಮೆ, ರಾಡಿ ಬಂದು ನಿಲ್ಲುವುದೂ ಅಲ್ಲಿಯೇ. ಒಂದು ಪದರ ಕಟ್ಟಿದರೆ ಆ ಜಾಗ ಇನ್ನಷ್ಟು ಕಾಯುತ್ತದೆ, ಕಾಯ್ದಷ್ಟೂ ಮುಂದಿನ ಪದರ ಬೇಗ ಕಟ್ಟುತ್ತದೆ. ಇಷ್ಟಾದರೂ ಡ್ಯಾಶ್‌ಬೋರ್ಡಿನ ಮುಳ್ಳು ಸರಿಯಾಗಿಯೇ ಇತ್ತೆಂದು ಮಾಲೀಕರು ಹೇಳಿದರು, ಅದು ಸುಳ್ಳಲ್ಲ. ಮುಳ್ಳು ತೋರಿಸುವುದು ಹೊರಗೆ ಹರಿದು ಬಂದ ನೀರಿನ ಬಿಸಿಯನ್ನು. ಹೊಪ್ಪಳೆಯ ಹಿಂದೆ ಸಿಕ್ಕಿಕೊಂಡ ಕಬ್ಬಿಣದ ಬಿಸಿ ಅದಕ್ಕೆ ಗೊತ್ತಾಗುವುದಿಲ್ಲ.

ಇದರ ಜೊತೆಗೆ ಇನ್ನೆರಡು ತಪ್ಪುಗಳಿದ್ದವು. ಥರ್ಮೋಸ್ಟಾಟ್ (ಇಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್) ಇರಬೇಕಾದ ಜಾಗ ಖಾಲಿ ಇತ್ತು. ಅದನ್ನು ತೆಗೆದರೆ ಇಂಜಿನ್ ತಂಪಾಗಿರುತ್ತದೆ ಎಂಬ ನಂಬಿಕೆ ನಮ್ಮ ಚಾಲಕರಲ್ಲಿ ಬಲವಾಗಿ ಬೇರೂರಿದೆ. ಬೈಪಾಸ್ ದಾರಿ ಇರುವ ಇಂಜಿನ್ನುಗಳಲ್ಲಿ ಬಿಸಿಯಾದಾಗ ಆ ದಾರಿಯನ್ನು ಮುಚ್ಚುವುದೂ ಥರ್ಮೋಸ್ಟಾಟ್‌ನದೇ ಕೆಲಸ. ಅದಿಲ್ಲದಿದ್ದರೆ ಒಂದಷ್ಟು ಬಿಸಿನೀರು ರೇಡಿಯೇಟರನ್ನು ಮುಟ್ಟದೆ ಇಂಜಿನ್ನಿನಲ್ಲಿಯೇ ಸುತ್ತುತ್ತದೆ. ಲೋಡ್ ಇಲ್ಲದ ಚಳಿಯ ಬೆಳಗುಗಳಲ್ಲಿ ಇಂಜಿನ್ ಅಗತ್ಯಕ್ಕಿಂತ ತಣ್ಣಗೆ ಓಡಿ ಸಿಲಿಂಡರ್ ಸವೆಯುತ್ತದೆ. ಎರಡನೆಯದು, ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಸತ್ತಿತ್ತು. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಮುಚ್ಚಳ ಅರ್ಧ ಬಾರ್ ಒತ್ತಡ ಹಿಡಿದಿಟ್ಟರೆ ಕುದಿಯುವ ಬಿಂದು ಹತ್ತು ಡಿಗ್ರಿಗೂ ಹೆಚ್ಚು ಮೇಲೇರುತ್ತದೆ. ಮಂಗಳೂರು ಹೆಂಚಿನ ಲೋಡ್ ತುಂಬಿಕೊಂಡು ಅಂಕೋಲಾ-ಯಲ್ಲಾಪುರ ನಡುವಿನ ಅರಬೈಲು ಘಟ್ಟವನ್ನು ಎರಡನೇ ಗೇರಿನಲ್ಲಿ ಏರುವ ಲಾರಿಗೆ ಆ ಹತ್ತು ಡಿಗ್ರಿಯೇ ಉಳಿಸುವುದು. ಹೆಡ್‌ನ ಒಳಗೆ ನೀರು ಕುದಿದು ಉಗಿಯ ಗುಳ್ಳೆ ನಿಂತ ಜಾಗದಲ್ಲಿ ಕಬ್ಬಿಣಕ್ಕೆ ತಂಪೇ ಸಿಗುವುದಿಲ್ಲ.

ಬ್ಲಾಕನ್ನು ಶುಚಿ ಮಾಡಲು ಆರು ದಿನ ಹಿಡಿಯಿತು. ಕೈಗೆ ಸಿಗುವಷ್ಟು ಹೊಪ್ಪಳೆಯನ್ನು ತಂತಿ ಮತ್ತು ಉಳಿಯಿಂದ ಎಬ್ಬಿಸಿ, ಉಳಿದದ್ದಕ್ಕೆ ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನೇ ಬಿಸಿನೀರಿನಲ್ಲಿ ಕರಗಿಸಿ ತುಂಬಿದೆವು. ನೊರೆ ಉಕ್ಕಿ ಬಂದು, ನಿಂತ ಮೇಲೆ ಖಾಲಿ ಮಾಡಿ, ಮತ್ತೆ ಹೊಸದನ್ನು ತುಂಬಿದೆವು. ನಾಲ್ಕು ಸಲ ಹೀಗೆ ಮಾಡಿ, ಕೊನೆಗೆ ಅಡಿಗೆ ಸೋಡಾ ಬೆರೆಸಿದ ನೀರಿನಿಂದ ಹುಳಿ ಹೋಗಲಾಡಿಸಿ, ಪೈಪಿನ ನೀರು ತಿಳಿಯಾಗುವವರೆಗೆ ತೊಳೆದೆವು. ರೇಡಿಯೇಟರನ್ನು ಅದರ ಕೆಲಸದವರಿಗೆ ಕೊಟ್ಟು, ಮೇಲಿನ ಟ್ಯಾಂಕ್ ಬಿಚ್ಚಿಸಿ, ಕೊಳವೆಗಳಲ್ಲಿ ಕಡ್ಡಿ ಆಡಿಸಿ ತರಿಸಿದೆ.

ಗುಜರಿಯಿಂದ ತಂದ ಮೊದಲ ಹೆಡ್ ಬಿಸಿನೀರಿನ ಟೆಸ್ಟ್‌ನಲ್ಲಿ ಇಂಜೆಕ್ಟರ್ ಕೂರುವ ತೂತಿನ ಬಳಿ ಸೋರಿತು. ತಪ್ಪಿದ್ದರೆ ವಾಪಸ್ ಎಂದು ಮೊದಲೇ ಮಾತಾಗಿದ್ದರಿಂದ ಅದನ್ನು ಹಿಂದಿರುಗಿಸಿದೆವು. ಹಾವೇರಿಯ ಕಡೆಯಿಂದ ಬಂದ ಎರಡನೆಯದು 80 ಡಿಗ್ರಿಯಲ್ಲಿ ಅರ್ಧ ಗಂಟೆ ತಡೆಯಿತು. ಅದರ ಮೇಲ್ಮೈಯಿಂದ 0.15 ಮಿ.ಮೀ. ಗ್ರೈಂಡ್ ಮಾಡಬೇಕಾಯಿತು.

ಗ್ರೈಂಡಿಂಗ್ ಆದ ಮೇಲೆ ಬಹಳಷ್ಟು ಜನ ನೇರವಾಗಿ ಹೆಡ್ ಕೂರಿಸಿಬಿಡುತ್ತಾರೆ. ಮೇಲ್ಮೈ ಎಷ್ಟು ಹೋಗಿದೆಯೋ ಅಷ್ಟು ವಾಲ್ವ್‌ಗಳು ಪಿಸ್ಟನ್‌ಗೆ ಹತ್ತಿರವಾಗುತ್ತವೆ, ಇಂಜೆಕ್ಟರ್‌ನ ಮೂತಿಯೂ ಅಷ್ಟು ಹೊರಗೆ ಚಾಚುತ್ತದೆ. ಮೂತಿ ಹೆಚ್ಚು ಚಾಚಿದರೆ ಡೀಸೆಲ್ ಬೀಳಬೇಕಾದ ಜಾಗ ಬಿಟ್ಟು ಬೇರೆಡೆ ಬಿದ್ದು, ಹೊಗೆ ಮತ್ತು ಬಿಸಿ ಎರಡೂ ಹೆಚ್ಚುತ್ತವೆ. ಆದ್ದರಿಂದ ಹೊಸ ವಾಲ್ವ್ ಗೈಡ್ (ವಾಲ್ವ್‌ನ ಕಾಂಡ ಜಾರುವ ಕೊಳವೆ) ಹಾಕಿಸಿ, ಸೀಟುಗಳನ್ನು ಮತ್ತೆ ಕತ್ತರಿಸಿ, ಪ್ರತಿಯೊಂದು ವಾಲ್ವ್ ಮೇಲ್ಮೈಯಿಂದ ಎಷ್ಟು ಒಳಗೆ ಕುಳಿತಿದೆ ಎಂದು ಡಯಲ್ ಗೇಜ್‌ನಿಂದ ಅಳೆದು, ಹನ್ನೆರಡೂ ಕಂಪನಿಯ ಕೈಪಿಡಿಯ ಮಿತಿಯೊಳಗೆ ಬರುವಂತೆ ಮಾಡಿಸಿದೆ. ಇಂಜೆಕ್ಟರ್‌ಗಳ ಕೆಳಗೆ ತಾಮ್ರದ ವಾಷರ್‌ನ ದಪ್ಪ ಹೊಂದಿಸಿ ಮೂತಿಯ ಚಾಚನ್ನು ಸರಿಪಡಿಸಿದೆವು. ಪೇಸ್ಟ್ ಹಾಕಿ ವಾಲ್ವ್ ಉಜ್ಜಿದ ಮೇಲೆ ಪೋರ್ಟುಗಳಲ್ಲಿ ಡೀಸೆಲ್ ತುಂಬಿ ಒಂದು ರಾತ್ರಿ ಇಟ್ಟೆವು. ಬೆಳಿಗ್ಗೆ ಮೂರನೆಯ ಎಕ್ಸಾಸ್ಟ್ ಒಂದೇ ಒದ್ದೆಯಾಗಿತ್ತು, ಅದನ್ನು ಮತ್ತೆ ಉಜ್ಜಿದೆವು.

ಕೂರಿಸುವಾಗ ನಾನು ಹೆಚ್ಚು ಹೊತ್ತು ಕಳೆದದ್ದು ಬೋಲ್ಟಿನ ತೂತುಗಳಲ್ಲಿ. ತಳ ಮುಚ್ಚಿದ ತೂತಿನಲ್ಲಿ ನೀರು ಅಥವಾ ಆಯಿಲ್ ನಿಂತಿದ್ದರೆ ಬೋಲ್ಟ್ ಇಳಿಯುವಾಗ ಅದು ಅದುಮಿಕೊಳ್ಳದೆ ಬ್ಲಾಕನ್ನೇ ಸೀಳಬಹುದು. ಸೀಳದಿದ್ದರೂ ಟಾರ್ಕ್ ವ್ರೆಂಚ್ ತೋರಿಸುವ ಅಂಕಿ ಸುಳ್ಳಾಗುತ್ತದೆ. ಪ್ರತಿ ತೂತಿಗೂ ಎಳೆ ಶುಚಿ ಮಾಡುವ ಟ್ಯಾಪ್ ಇಳಿಸಿ, ಗಾಳಿ ಹೊಡೆದು, ಬಟ್ಟೆ ತೂರಿಸಿ ಒಣಗಿಸಿದೆವು. ಬೋಲ್ಟುಗಳನ್ನು ಸಾಲಾಗಿ ನಿಲ್ಲಿಸಿ ನೋಡಿದಾಗ ಎರಡು ಉಳಿದವುಗಳಿಗಿಂತ ಉದ್ದವಾಗಿದ್ದವು. ಅವು ಜಗ್ಗಿದ ಬೋಲ್ಟುಗಳು, ಮತ್ತೆ ಬಿಗಿ ಹಿಡಿಯುವುದಿಲ್ಲವಾದ್ದರಿಂದ ಬದಲಿಸಿದೆವು. ಎಳೆಗಳಿಗೂ ತಲೆಯ ಕೆಳಭಾಗಕ್ಕೂ ತೆಳುವಾಗಿ ಆಯಿಲ್ ಸವರಿ, ಮಧ್ಯದಿಂದ ಹೊರಗಿನ ಕಡೆಗೆ, ಮೂರು ಹಂತಗಳಲ್ಲಿ ಬಿಗಿದೆವು. ಪ್ಯಾಕಿಂಗ್‌ಗೆ ಯಾವ ಅಂಟನ್ನೂ ಹಚ್ಚಲಿಲ್ಲ.

ಟ್ಯಾಪೆಟ್, ಅಂದರೆ ವಾಲ್ವ್ ಮೇಲಿನ ಸಣ್ಣ ಸಂದು, ಹೊಂದಿಸಲು ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-5-3-6-2-4ನ್ನು ಹಿಡಿದುಕೊಂಡೆವು. ಆರನೆಯದರ ಎರಡೂ ವಾಲ್ವ್‌ಗಳು ಒಟ್ಟಿಗೆ ತೂಗಾಡುವಾಗ (ಒಂದು ಮುಚ್ಚುತ್ತಾ ಇನ್ನೊಂದು ತೆರೆಯುವಾಗ) ಒಂದನೆಯದನ್ನು, ಎರಡನೆಯದು ತೂಗಾಡುವಾಗ ಐದನೆಯದನ್ನು, ನಾಲ್ಕನೆಯದು ತೂಗಾಡುವಾಗ ಮೂರನೆಯದನ್ನು ಹೊಂದಿಸಬೇಕು; ಉಳಿದ ಮೂರಕ್ಕೆ ಇದೇ ಜೋಡಿಗಳು ತಿರುಗುಮುರುಗು. ಇಂಜಿನ್ ತಣ್ಣಗಿರುವಾಗ ಇನ್‌ಲೆಟ್‌ಗೆ 0.20, ಎಕ್ಸಾಸ್ಟ್‌ಗೆ 0.30 ಮಿ.ಮೀ. ಇಟ್ಟೆವು. ಹೊಸ ಥರ್ಮೋಸ್ಟಾಟನ್ನು ಹಾಕುವ ಮೊದಲು ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ ನೋಡಿದಾಗ 81 ಡಿಗ್ರಿಗೆ ಬಾಯಿ ತೆರೆಯಿತು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರಿಗೆ ಅರ್ಧದಷ್ಟು ಕೂಲಂಟ್ ಬೆರೆಸಿ ತುಂಬಿದೆವು. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಲ್ಲ, ಕೂಲಂಟ್ ಏಕೆ ಎಂದು ಮಾಲೀಕರು ಕೇಳಿದರು. ಅದರಲ್ಲಿರುವ ಮದ್ದು ತುಕ್ಕನ್ನು ತಡೆಯುತ್ತದೆ, ನೀರು ಕುದಿಯುವ ಬಿಂದುವನ್ನು ಅದು ಮೇಲೇರಿಸುತ್ತದೆ ಎಂದು ವಿವರಿಸಿ, ಅವರ ಇಂಜಿನ್ನಿನಿಂದಲೇ ತೆಗೆದ ಹೊಪ್ಪಳೆಯ ಚಕ್ಕೆಯೊಂದನ್ನು ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ಉಗುರಿನಿಂದ ಕೆರೆದು ನೋಡಿ, “ಇದು ನಮ್ಮ ಹೊಲದ ನೀರ ಐತಿ” ಎಂದರು.

ಇಂಜಿನ್ನನ್ನು ಪೂರ್ತಿ ಕಾಯುವವರೆಗೆ ಓಡಿಸಿ, ರಾತ್ರಿ ತಣ್ಣಗಾಗಲು ಬಿಟ್ಟು, ಮರುದಿನ ಬೋಲ್ಟುಗಳನ್ನು ಅದೇ ಕ್ರಮದಲ್ಲಿ ಮತ್ತೊಮ್ಮೆ ಬಿಗಿದು, ಟ್ಯಾಪೆಟ್ ಮತ್ತೆ ನೋಡಿದೆವು. ಹದಿನೇಳನೆಯ ದಿನ ಮಾಲೀಕರ ಜೊತೆ ನಾನೂ ಕುಳಿತು ಕಲಘಟಗಿ, ಯಲ್ಲಾಪುರದ ಮೇಲೆ ಅಂಕೋಲಾಕ್ಕೆ ಹೋಗಿ, ಲೋಡ್ ತುಂಬಿಕೊಂಡು ಅರಬೈಲು ಏರಿ ಬಂದೆ. ಏರಿಯ ನಡುವೆ ಎರಡು ಸಲ ನಿಲ್ಲಿಸಿ, ಶಾಖ ಅಳೆಯುವ ಗನ್ ಹಿಡಿದು ಹೆಡ್‌ನ ಮುಂದಿನ ತುದಿಯನ್ನೂ ಹಿಂದಿನ ತುದಿಯನ್ನೂ ಅಳೆದೆ. ವ್ಯತ್ಯಾಸ ಮೊದಲ ಸಲ 5 ಡಿಗ್ರಿ, ಎರಡನೆಯ ಸಲ 6 ಡಿಗ್ರಿ ಇತ್ತು. ಯಲ್ಲಾಪುರದಲ್ಲಿ ಚಹಾಕ್ಕೆ ನಿಂತಾಗ ರೇಡಿಯೇಟರ್‌ನ ಮೇಲಿನ ಹೋಸನ್ನು ಕೈಯಿಂದ ಅದುಮಿದರೆ ಮೆತ್ತಗೆ ಬಾಗುತ್ತಿತ್ತು; ಉರಿದ ಗಾಳಿ ನೀರಿಗೆ ಸೇರುತ್ತಿದ್ದರೆ ಅದು ಉಬ್ಬಿ ಗಟ್ಟಿಯಾಗಿರುತ್ತಿತ್ತು.

ಅದಾಗಿ ಮೂರು ತಿಂಗಳಾಯಿತು. ಮಾಲೀಕರು ಕ್ಯಾಬಿನ್ನಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ರೇಡಿಯೇಟರ್‌ಗೆ ಎಷ್ಟು ನೀರು ಹಾಕಿದರೋ ಅದನ್ನು ದಿನಾಂಕ ಹಾಕಿ ಬರೆಯುತ್ತಾರೆ. ಮೊದಲ ವಾರ ಗಾಳಿ ಹೊರಬಿದ್ದಾಗ ಒಂದು ಲೀಟರ್, ನಂತರ ಇಲ್ಲಿಯವರೆಗೆ ಅರ್ಧ ಲೀಟರ್. ಸೀಟಿನ ಹಿಂದೆ ಎರಡು ಕ್ಯಾನ್ ಸಿಹಿನೀರು ಕಟ್ಟಿಕೊಂಡಿದ್ದಾರೆ, ಒಂದನ್ನು ಇನ್ನೂ ತೆರೆದಿಲ್ಲ.